ಇಕ್ಥಿಯೋರ್ನಿಸ್: ಹಲ್ಲಿದ್ದರೂ ಈಗಿನ ಹಕ್ಕಿಗಳ ಹತ್ತಿರದ ನೆಂಟ

ಹಲ್ಲಿದ್ದ ಹಕ್ಕಿ ಎಂದ ಕೂಡಲೇ ನಮಗೆ ಆರ್ಕಿಯೋಪ್ಟೆರಿಕ್ಸ್ ನೆನಪಾಗುತ್ತದೆ. ಇಕ್ಥಿಯೋರ್ನಿಸ್ ಡಿಸ್ಪಾರ್ ಕತೆಯೇ ಬೇರೆ. ಕತ್ತಿನಿಂದ ಕೆಳಗೆ ಇದು ಹೆಚ್ಚುಕಡಿಮೆ ಈಗಿನ ಹಕ್ಕಿಯೇ. ಬಾಯಿ ತೆರೆದರೆ ಮಾತ್ರ ಹಲ್ಲು!

1870ರಲ್ಲಿ ಭೂವಿಜ್ಞಾನಿ ಬೆಂಜಮಿನ್ ಮಡ್ಜ್ ಅವರಿಗೆ ಇದರ ಪಳೆಯುಳಿಕೆ ಅಮೆರಿಕದ ಕಾನ್ಸಾಸ್‌ನಲ್ಲಿ ಸಿಕ್ಕಿತು. ಈ ಹಕ್ಕಿ ಬದುಕಿದ್ದ ಕ್ರಿಟೇಶಿಯಸ್ ಯುಗದಲ್ಲಿ (ಡೈನೋಸಾರ್‌ಗಳ ಕೊನೆಯ ಯುಗ) ಅಲ್ಲೆಲ್ಲ ಸಮುದ್ರವಿತ್ತು. 1872ರಲ್ಲಿ ಪಳೆಯುಳಿಕೆ ತಜ್ಞ ಓ. ಸಿ. ಮಾರ್ಷ್ ಇದಕ್ಕೆ ಹೆಸರಿಟ್ಟರು. ಇಕ್ಥಿಯೋರ್ನಿಸ್ ಎಂದರೆ ಮೀನು-ಹಕ್ಕಿ. ಮೀನು ತಿನ್ನುತ್ತಿತ್ತು ಅಂತ ಇಟ್ಟ ಹೆಸರಲ್ಲ ಇದು, ಇಲ್ಲಿ ತುಂಬಾ ಜನ ತಪ್ಪುತ್ತಾರೆ. ಇದರ ಬೆನ್ನುಮೂಳೆಯ ಮಣಿಗಳು ಮೀನಿನ ಮಣಿಗಳ ಹಾಗೆ ಎರಡೂ ತುದಿಯಲ್ಲಿ ಗುಳಿಬಿದ್ದಿದ್ದವು. ಈಗಿನ ಹಕ್ಕಿಗಳ ಕತ್ತಿನ ಮಣಿಗಳ ತುದಿ ಕುದುರೆ ಜೀನಿನ ಆಕಾರದಲ್ಲಿರುತ್ತದೆ.

ಜೊತೆಗೇ ಸಿಕ್ಕ ದವಡೆಯಲ್ಲಿ ಹಲ್ಲುಗಳಿದ್ದವು. ಹಕ್ಕಿಗೆ ಹಲ್ಲೆಲ್ಲಿಂದ ಬರಬೇಕು? ಮಾರ್ಷ್ ಅದನ್ನು ಬೇರೊಂದು ಸಣ್ಣ ಸರೀಸೃಪದ್ದೆಂದು ತಿಳಿದು ಕೊಲೊನೊಸಾರಸ್ ಎಂದು ಕರೆದರು. 1873ರಲ್ಲಿ ದವಡೆ ಹಕ್ಕಿಯದೇ ಎಂದು ಒಪ್ಪಿಕೊಂಡರು. ನನಗೆ ಈ ಭಾಗ ತುಂಬಾ ಇಷ್ಟ. ಮೂಳೆ ಕಣ್ಣೆದುರೇ ಇದ್ದರೂ ನಂಬಿಕೆ ಅಡ್ಡ ಬರುತ್ತದೆ, ಅಲ್ವಾ?

ಆಮೇಲೆ ಅವರು ಹಲ್ಲಿನ ಹಕ್ಕಿಗಳನ್ನೆಲ್ಲ ಓಡಾಂಟೋರ್ನಿಥಿಸ್ ಎಂಬ ಒಂದೇ ಗುಂಪಿಗೆ ಸೇರಿಸಿದರು. ಆ ಗುಂಪು ಈಗ ಬಳಕೆಯಲ್ಲಿಲ್ಲ. ಯಾಕೆಂದರೆ ಹಲ್ಲು ಹಕ್ಕಿಗಳಿಗೆ ಡೈನೋಸಾರ್ ಪೂರ್ವಜರಿಂದ ಬಂದದ್ದು. ಹಳೆಯ ಲಕ್ಷಣವೊಂದು ಉಳಿದುಕೊಂಡಿದೆ ಅಂತ ಸುಮ್ನೆ ಹತ್ತಿರದ ನೆಂಟಸ್ತನ ಹೇಳಲಾಗದು. ಹೆಸ್ಪರೋರ್ನಿಸ್‌ಗೂ ಹಲ್ಲಿತ್ತು, ಆದರೆ ಅದು ಹಾರಲಾರದ ಮುಳುಗುಹಕ್ಕಿ. ಅದರ ಹಲ್ಲುಗಳು ಉದ್ದನೆಯ ತೋಡಿನಲ್ಲಿದ್ದವು. ಇಕ್ಥಿಯೋರ್ನಿಸ್‌ನಲ್ಲಿ ಒಂದೊಂದಕ್ಕೂ ಬೇರೆ ಗುಳಿ.

ಈಗ ಇಕ್ಥಿಯೋರ್ನಿಸ್ ಇರುವುದು ಆರ್ನಿಥುರೆ ಎಂಬ, ಈಗಿನ ಹಕ್ಕಿಗಳೂ ಸೇರಿರುವ ದೊಡ್ಡ ಗುಂಪಿನಲ್ಲಿ, ಇಂದಿನ ಹಕ್ಕಿಗಳ ಬಳಗಕ್ಕೆ ಸ್ವಲ್ಪವೇ ಹೊರಗೆ. ಮಾರ್ಷ್ ಕಾಲದಲ್ಲಿ ಇದರಲ್ಲಿ ಹಲವು ಪ್ರಭೇದಗಳಿವೆ ಎಂದು ಎಣಿಸಿದ್ದರು. 2004ರಲ್ಲಿ ಪಳೆಯುಳಿಕೆ ತಜ್ಞೆ ಜೂಲಿಯಾ ಕ್ಲಾರ್ಕ್ ಎಲ್ಲವನ್ನೂ ಮತ್ತೆ ನೋಡಿ ಡಿಸ್ಪಾರ್ ಒಂದನ್ನೇ ಉಳಿಸಿದರು.

ದೇಹದ ಗಾತ್ರ ಸುಮಾರು ರೀವ (ಟರ್ನ್) ಎಂಬ ನೀರಹಕ್ಕಿಯಷ್ಟು. ಎದೆಮೂಳೆಯ ನಡುವೆ ಎದ್ದುನಿಂತ ಏಣು ಇದೆ. ರೆಕ್ಕೆ ಬಡಿಯುವ ಸ್ನಾಯು ಅಂಟುವುದು ಅಲ್ಲೇ, ಹಾಗಾಗಿ ಹಾರಾಟ ಚೆನ್ನಾಗಿತ್ತು.

ತಲೆಬುರುಡೆಗೆ ಜಾಸ್ತಿ ಗಮನ ಕೊಡಿ. 2018ರಲ್ಲಿ ಸಿಟಿ ಸ್ಕ್ಯಾನ್ ಮಾಡಿ ನೋಡಿದಾಗ ಮೇಲ್ದವಡೆಯ ತುದಿಯಲ್ಲಿ ಹಲ್ಲಿಲ್ಲದ ಪುಟ್ಟ ಕೊಕ್ಕು ಕಂಡಿತು. ಅದರ ಹಿಂದೆ ಹಲ್ಲಿನ ಸಾಲು. ಮೆದುಳಿನ ಗೂಡು ಈಗಿನ ಹಕ್ಕಿಗಳಂತಿದೆ. ದವಡೆಯ ಸ್ನಾಯು ಕೂರುವ ಕಂಡಿ ಮಾತ್ರ ಡೈನೋಸಾರ್‌ಗಳಲ್ಲಿ ಇದ್ದಷ್ಟೇ ದೊಡ್ಡದು.