ಗೂಗಲ್ ಹತ್ರ ಅಷ್ಟೆಲ್ಲಾ ಇದ್ದೂ ಸ್ಟೇಡಿಯಾ ಯಾಕೆ ಮುಚ್ಚಿತು?

ಪ್ರಶ್ನೆ: ಕ್ಲೌಡ್ ಗೇಮಿಂಗ್ (ಆಟ ದೂರದ ಸರ್ವರಿನಲ್ಲಿ ಓಡುತ್ತೆ, ನಮ್ಮ ಪರದೆಗೆ ಅದರ ವಿಡಿಯೋ ಬರುತ್ತೆ) ಬಗ್ಗೆ ಓದುವಾಗೆಲ್ಲ ಗೂಗಲ್ ನಡೆಸಿದ ಸ್ಟೇಡಿಯಾ ಸೇವೆಯ ಹೆಸರು ಬರುತ್ತೆ. ಗೂಗಲ್ ಹತ್ರ ದುಡ್ಡಿತ್ತು, ಲೋಕದ ತುಂಬಾ ಸರ್ವರ್ ಇದ್ದವು. ಆದ್ರೂ ಸುಮಾರು ಮೂರು ವರ್ಷಕ್ಕೇ ಯಾಕೆ ಬಾಗಿಲು ಹಾಕಿತು? ಇಂಟರ್ನೆಟ್ ವೇಗ ಸಾಲಲಿಲ್ಲವಾ? ಈಗ ಇಂಥ ಬೇರೆ ಸೇವೆಗೆ ದುಡ್ಡು ಹಾಕಬಹುದಾ?

ಉತ್ತರ: ವೇಗದ ಮಾತು ಎಲ್ಲರ ಬಾಯಲ್ಲೂ ಮೊದಲು ಬರುತ್ತದೆ. ನನಗೆ ಅದು ದೊಡ್ಡ ಕಾರಣ ಅಂತ ಅನ್ನಿಸುವುದಿಲ್ಲ. ಸ್ಟೇಡಿಯಾದ ತಂತ್ರಜ್ಞಾನ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು. ಕೆಟ್ಟಿದ್ದು ವ್ಯಾಪಾರದ ಲೆಕ್ಕ. ನೀವು ಪೂರ್ತಿ ಬೆಲೆ ಕೊಟ್ಟು ಆಟ ಕೊಳ್ಳಬೇಕು, ಆದರೆ ಆ ಆಟ ಇರುವುದು ಗೂಗಲ್ ಸರ್ವರಿನಲ್ಲಿ ಮಾತ್ರ. ಗೂಗಲ್ ಬಾಗಿಲು ಹಾಕಿದರೆ ಆಟವೂ ಹೋಯಿತು. ಹೀಗೆ ದುಡ್ಡು ಕೊಡಬೇಕಾದರೆ, ಈ ಕಂಪನಿ ಇನ್ನೂ ಹತ್ತು ವರ್ಷ ಈ ಕೆಲಸ ಬಿಡುವುದಿಲ್ಲ ಅನ್ನೋ ನಂಬಿಕೆ ಬೇಕು. ಆ ನಂಬಿಕೆ ಹುಟ್ಟಿಸೋಕೆ ಗೂಗಲ್‌ನಿಂದ ಆಗಲಿಲ್ಲ.

ಮೊದಲು ತಂತ್ರಜ್ಞಾನ ನೋಡೋಣ, ಯಾಕೆಂದರೆ ಅದನ್ನು ಮೆಚ್ಚಲೇಬೇಕು. ನೀವು ಕಂಟ್ರೋಲರಿನಲ್ಲಿ ಒಂದು ಬಟನ್ ಒತ್ತುತ್ತೀರಿ. ಸ್ಟೇಡಿಯಾ ಕಂಟ್ರೋಲರ್ ಅದನ್ನು ಟಿವಿಗೆ ಕಳಿಸುತ್ತಿರಲಿಲ್ಲ. ಮನೆಯ ವೈ-ಫೈ ಹಿಡಿದು ನೇರವಾಗಿ ಗೂಗಲ್ ಡೇಟಾ ಸೆಂಟರಿಗೇ ಕಳಿಸುತ್ತಿತ್ತು. ಅಲ್ಲಿನ ಕಂಪ್ಯೂಟರ್ ಆಟವನ್ನು ಒಂದು ಹೆಜ್ಜೆ ಮುಂದೆ ನಡೆಸಿ, ಹೊಸ ಚಿತ್ರ ಮಾಡಿ, ಅದನ್ನು ವಿಡಿಯೋ ಆಗಿ ಕುಗ್ಗಿಸಿ ವಾಪಸ್ ಕಳಿಸಬೇಕು. ಸೆಕೆಂಡಿಗೆ 60 ಚಿತ್ರ ಅಂದರೆ ಒಂದೊಂದಕ್ಕೆ ಸಿಗುವುದು 17 ಮಿಲಿಸೆಕೆಂಡಿಗೂ ಕಡಿಮೆ. ಫೈಬರ್ ಕೇಬಲ್ಲಿನಲ್ಲಿ ಬೆಳಕು ಒಂದು ಮಿಲಿಸೆಕೆಂಡಿಗೆ ಸುಮಾರು 200 ಕಿಲೋಮೀಟರ್ ಹೋಗುತ್ತದೆ. ಡೇಟಾ ಸೆಂಟರ್ ಸಾವಿರ ಕಿಲೋಮೀಟರ್ ದೂರ ಇದ್ದರೆ ಬರೀ ಹೋಗಿ ಬರೋಕೇ 10 ಮಿಲಿಸೆಕೆಂಡ್ ಬೇಕು. ದಾರಿಯಲ್ಲಿ ರೂಟರುಗಳು ತಿನ್ನುವ ಸಮಯ ಬೇರೆ. ಇಷ್ಟೆಲ್ಲ ಆದರೂ ಒಳ್ಳೆಯ ಲೈನ್ ಇರುವ ಮನೆಯಲ್ಲಿ ಆಡುವವರಿಗೆ ತಡ ಆಗುತ್ತಿದೆ ಅಂತ ಗೊತ್ತೇ ಆಗುತ್ತಿರಲಿಲ್ಲ. ಭಾರತಕ್ಕೆ ಸ್ಟೇಡಿಯಾ ಬರಲೇ ಇಲ್ಲ, ಹಾಗಾಗಿ ಇಲ್ಲಿ ಇದರ ಅನುಭವ ಇರುವವರು ಸಿಗುವುದು ಕಷ್ಟ.

4ಕೆ ಬೇಕಿದ್ದರೆ 35 ಎಂಬಿಪಿಎಸ್ ವೇಗ ಇರಬೇಕು ಅಂತ ಗೂಗಲ್ ಹೇಳಿತ್ತು. ಆ ವೇಗದಲ್ಲಿ ಒಂದು ಗಂಟೆ ಆಡಿದರೆ 15 ಜಿಬಿಗೂ ಜಾಸ್ತಿ ಡೇಟಾ ಖರ್ಚು. ತಿಂಗಳಿಗೆ ಇಷ್ಟೇ ಅಂತ ಮಿತಿ ಇರುವ ಮನೆಗಳಿಗೆ ಇದು ತೊಂದರೆಯೇ, ಒಪ್ಪುತ್ತೇನೆ.

ಈಗ ಸ್ಟೇಡಿಯಾ ಶುರುವಾದ ರೀತಿ ನೋಡಿ. 2019ರ ಮಾರ್ಚ್ 19ರಂದು ಸ್ಯಾನ್ ಫ್ರಾನ್ಸಿಸ್ಕೋದ ಗೇಮ್ ಡೆವಲಪರ್ಸ್ ಕಾನ್ಫರೆನ್ಸಿನಲ್ಲಿ ಸುಂದರ್ ಪಿಚೈ ವೇದಿಕೆ ಹತ್ತಿ ಇದನ್ನು ಪರಿಚಯಿಸಿದರು. ಇನ್ನು ಕನ್ಸೋಲ್ (ಟಿವಿಗೆ ಜೋಡಿಸುವ ಆಟದ ಪೆಟ್ಟಿಗೆ) ಬೇಡ, ದುಬಾರಿ ಪಿಸಿ ಬೇಡ ಅನ್ನುವ ಮಾತು. ಕೇಳಿದವರು ಇದನ್ನು ಆಟಗಳ ನೆಟ್‌ಫ್ಲಿಕ್ಸ್ ಅಂದುಕೊಂಡರು. ನವೆಂಬರ್ 19ಕ್ಕೆ 14 ದೇಶಗಳಲ್ಲಿ ಬಾಗಿಲು ತೆರೆದಾಗ ನಿಜ ಗೊತ್ತಾಯಿತು. ಒಳಗೆ ಬರೋಕೆ 129 ಡಾಲರಿನ ಕಿಟ್. ಅದರಲ್ಲಿ ಕಂಟ್ರೋಲರ್, ಟಿವಿಗೆ ಸಿಕ್ಕಿಸುವ ಕ್ರೋಮ್‌ಕಾಸ್ಟ್ ಅಲ್ಟ್ರಾ, ಮೂರು ತಿಂಗಳ ಪ್ರೋ (ಸ್ಟೇಡಿಯಾದ ತಿಂಗಳ ಚಂದಾ) ಸದಸ್ಯತ್ವ. ಆಮೇಲೆ ಪ್ರೋಗೆ ತಿಂಗಳಿಗೆ 9.99 ಡಾಲರ್. ಅದರ ಜೊತೆ ಸಿಗುತ್ತಿದ್ದದ್ದು ಕೆಲವೇ ಆಟಗಳು, ಉಳಿದದ್ದಕ್ಕೆ ಬೇರೆ ದುಡ್ಡು. ಇಷ್ಟು ಕೊಟ್ಟ ಮೇಲೆ ಅಂಗಡಿಯಲ್ಲಿದ್ದದ್ದು 22 ಆಟ. ಫೋನಿನಲ್ಲಿ ಆಡಬೇಕು ಅಂದರೆ ಗೂಗಲ್‌ನ ಪಿಕ್ಸೆಲ್ಲೇ ಬೇಕು. ಕಂಟ್ರೋಲರಿನ ವೈ-ಫೈ ಕೆಲಸ ಮಾಡುತ್ತಿದ್ದದ್ದು ಟಿವಿಯಲ್ಲಿ ಆಡುವಾಗ ಮಾತ್ರ, ಲ್ಯಾಪ್‌ಟಾಪಿನಲ್ಲಿ ಆಡೋಕೆ ಕೇಬಲ್ ಚುಚ್ಚಬೇಕು. ಉಚಿತ ಖಾತೆ ಬಂದದ್ದು 2020ರ ಏಪ್ರಿಲ್‌ನಲ್ಲಿ. ಸ್ಟೇಡಿಯಾ ಅಂಗಡಿಯಲ್ಲಿ ಆಟದ ಹೆಸರು ಬರೆದು ಹುಡುಕುವ ಸೌಲಭ್ಯ ಬಂದದ್ದು 2021ರಲ್ಲಿ. ಹುಡುಕುವುದನ್ನೇ ಕಸುಬು ಮಾಡಿಕೊಂಡ ಕಂಪನಿ ಇದು! ಈ ಸೇವೆಗೆ ಕಂಪನಿಯೊಳಗೆ ಎಷ್ಟು ಗಮನ ಸಿಗುತ್ತಿತ್ತು ಅನ್ನೋದಕ್ಕೆ ನನಗೆ ಈ ಒಂದು ಸಂಗತಿ ಸಾಕು.

ಜೊತೆಗೆ ಗೂಗಲ್‌ಗೆ ಆಗಲೇ ಒಂದು ಹೆಸರಿತ್ತು. ಶುರು ಮಾಡುತ್ತಾರೆ, ಸ್ವಲ್ಪ ದಿನಕ್ಕೆ ಕೈ ಬಿಡುತ್ತಾರೆ ಅಂತ. ಸ್ಟೇಡಿಯಾ ಘೋಷಿಸಿ ಎರಡು ವಾರಕ್ಕೆ, ಏಪ್ರಿಲ್ 2ರಂದು, ತಮ್ಮ ಸಾಮಾಜಿಕ ಜಾಲತಾಣ ಗೂಗಲ್ ಪ್ಲಸ್ ಮತ್ತು ಇಮೇಲ್ ಆ್ಯಪ್ ಇನ್‌ಬಾಕ್ಸ್ ಎರಡನ್ನೂ ಮುಚ್ಚಿದರು. ಅದನ್ನು ನೋಡಿದವರು 60 ಡಾಲರಿನ ಆಟವನ್ನು ಇವರ ಹತ್ತಿರ ಕೊಳ್ಳುವ ಮುಂಚೆ ಎರಡು ಸಲ ಯೋಚಿಸಿದ್ದರಲ್ಲಿ ತಪ್ಪೇನಿಲ್ಲ ಅಲ್ವಾ?

ಆಟ ಮಾಡುವವರ ಕಷ್ಟ ಬೇರೆ. ಸ್ಟೇಡಿಯಾ ಓಡುತ್ತಿದ್ದದ್ದು ಲಿನಕ್ಸ್ ಮೇಲೆ. ವಿಂಡೋಸಿಗೆ ಬರೆದ ಆಟವನ್ನು ಹಾಗೇ ತಂದು ಇಡೋಕೆ ಆಗದು, ಅದಕ್ಕೆ ಅಂತಲೇ ಕೂತು ಕೆಲಸ ಮಾಡಬೇಕು. ಆಡುವವರೇ ಕಡಿಮೆ ಇದ್ದರೆ ಸುಮ್ನೆ ಯಾರು ಆ ಕೆಲಸ ಮಾಡುತ್ತಾರೆ? ದೊಡ್ಡ ಆಟಗಳನ್ನು ತರೋಕೆ ಗೂಗಲ್ ಕೋಟಿಗಟ್ಟಲೆ ಡಾಲರ್ ಕೊಟ್ಟಿತು ಅಂತ ಬ್ಲೂಮ್‌ಬರ್ಗ್ ವರದಿ ಮಾಡಿತ್ತು.

ಇಷ್ಟಾದರೂ ಸ್ಟೇಡಿಯಾಕ್ಕೆ ಒಂದು ಒಳ್ಳೆಯ ಕಾಲ ಬಂದಿತ್ತು. 2020ರ ಡಿಸೆಂಬರ್. ಹೊಸ ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್ ಎರಡೂ ಅಂಗಡಿಗಳಲ್ಲಿ ಸಿಗುತ್ತಿಲ್ಲ. ಜನ ಕೋವಿಡ್‌ನಿಂದ ಮನೆಯಲ್ಲಿದ್ದಾರೆ. ಆಗ ಸೈಬರ್‌ಪಂಕ್ 2077 ಅನ್ನೋ ದೊಡ್ಡ ಆಟ ಬಿಡುಗಡೆಯಾಯಿತು. ಹಳೆಯ ಕನ್ಸೋಲುಗಳಲ್ಲಿ ಅದರ ಗತಿ ಎಷ್ಟು ಕೆಟ್ಟಿತ್ತೆಂದರೆ ಪ್ಲೇಸ್ಟೇಷನ್ ಮಾಡುವ ಸೋನಿ ತನ್ನ ಅಂಗಡಿಯಿಂದಲೇ ಅದನ್ನು ತೆಗೆದುಹಾಕಿತು. ಸ್ಟೇಡಿಯಾದಲ್ಲಿ ಅದೇ ಆಟ ಚೆನ್ನಾಗಿ ಓಡಿತು. ಅದನ್ನು ಸ್ಟೇಡಿಯಾದಲ್ಲಿ ಕೊಂಡವರಿಗೆ ಗೂಗಲ್ ಕಂಟ್ರೋಲರ್ ಮತ್ತು ಕ್ರೋಮ್‌ಕಾಸ್ಟ್ ಉಚಿತವಾಗಿಯೂ ಕೊಟ್ಟಿತ್ತು. ಜನ ಮೊದಲ ಸಲ ಸ್ಟೇಡಿಯಾವನ್ನು ಹೊಗಳಿದರು.

ಎರಡು ತಿಂಗಳು ಕಳೆಯಲಿಲ್ಲ. 2021ರ ಫೆಬ್ರುವರಿ 1ರಂದು ಗೂಗಲ್ ತನ್ನದೇ ಆಟ ತಯಾರಿಸುವ ವಿಭಾಗವನ್ನು ಮುಚ್ಚಿತು. ಮಾಂಟ್ರಿಯಲ್ ಮತ್ತು ಲಾಸ್ ಏಂಜಲಿಸ್ ಸ್ಟುಡಿಯೋಗಳ ಕೆಲಸ ನಿಂತಿತು. ಆ ವಿಭಾಗ ನಡೆಸುತ್ತಿದ್ದ ಜೇಡ್ ರೇಮಂಡ್ ಕಂಪನಿ ಬಿಟ್ಟರು. ಒಂದು ದೊಡ್ಡ ಆಟಕ್ಕೆ ನಾಲ್ಕೈದು ವರ್ಷ ಬೇಕು ಅನ್ನೋದು ಈ ಕಸುಬಿನಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ. ಇವರಿಗೆ ಎರಡು ವರ್ಷವೂ ಸಿಗಲಿಲ್ಲ. ಸ್ಟೇಡಿಯಾ ನಿಜವಾಗಿ ಮುಗಿದದ್ದು ಆ ದಿನವೇ ಅಂತ ನನ್ನ ಅಭಿಪ್ರಾಯ. ಮಾಲೀಕರೇ ದುಡ್ಡು ಹಾಕದ ಕಡೆ ಗಿರಾಕಿ ಯಾಕೆ ಹಾಕಬೇಕು?

2022ರ ಜುಲೈಯಲ್ಲಿ ಮುಚ್ಚುವ ಸುದ್ದಿ ಹಬ್ಬಿದಾಗ, ಮುಚ್ಚುತ್ತಿಲ್ಲ ಅಂತ ಸ್ಟೇಡಿಯಾದ ಟ್ವಿಟರ್ ಖಾತೆ ಹೇಳಿತು. ಸೆಪ್ಟೆಂಬರ್ 29ಕ್ಕೆ ಮುಚ್ಚುವ ಪ್ರಕಟಣೆ ಬಂತು. ಸ್ಟೇಡಿಯಾಕ್ಕಾಗಿ ಇನ್ನೂ ಕೆಲಸ ಮಾಡುತ್ತಿದ್ದ ಎಷ್ಟೋ ಡೆವಲಪರುಗಳಿಗೂ ಜನರ ಜೊತೆಗೇ ಗೊತ್ತಾಯಿತು. 2023ರ ಜನವರಿ 18 ಕೊನೆಯ ದಿನ.

ಮುಚ್ಚಿದ ರೀತಿಯಲ್ಲಿ ಮಾತ್ರ ಗೂಗಲ್ ಮರ್ಯಾದೆಯಿಂದ ನಡೆದುಕೊಂಡಿತು. ತನ್ನ ಅಂಗಡಿಯಲ್ಲಿ ಕೊಂಡ ಕಂಟ್ರೋಲರ್, ಆಟ ಎಲ್ಲದರ ದುಡ್ಡು ವಾಪಸ್ ಕೊಟ್ಟಿತು, ಪ್ರೋ ಚಂದಾ ಒಂದನ್ನು ಬಿಟ್ಟು. ಕಂಟ್ರೋಲರನ್ನು ಬ್ಲೂಟೂತ್‌ಗೆ ಬದಲಾಯಿಸಿಕೊಳ್ಳುವ ಸೌಲಭ್ಯವನ್ನೂ ಕೊಟ್ಟಿತು. ದುಡ್ಡು ಬಂತು ಸರಿ, ಆಡಿದ ಆಟದ ಗಂಟೆಗಳು? ರೆಡ್ ಡೆಡ್ ಆನ್‌ಲೈನನ್ನು ಸ್ಟೇಡಿಯಾದಲ್ಲಿ ಸುಮಾರು 6,000 ಗಂಟೆ ಆಡಿದ್ದ ಒಬ್ಬರು, ತಮ್ಮ ಪಾತ್ರವನ್ನು ಬೇರೆ ಕಡೆಗೆ ಸಾಗಿಸಿಕೊಡಿ ಅಂತ ಆ ಆಟ ಮಾಡಿದ ರಾಕ್‌ಸ್ಟಾರ್ ಕಂಪನಿಗೆ ಬಹಿರಂಗವಾಗಿ ಬೇಡಿಕೊಳ್ಳಬೇಕಾಯಿತು. ಯೂಬಿಸಾಫ್ಟ್ ಅಂಥ ಕೆಲವು ಕಂಪನಿಗಳು ತಾವಾಗಿಯೇ ಪಿಸಿ ಪ್ರತಿ ಕೊಟ್ಟವು. ಹೀಗೆ ಮುಚ್ಚಿದ್ದು ಸ್ಟೇಡಿಯಾ ಒಂದೇ ಅಲ್ಲ, ಇದಕ್ಕೂ ಮುಂಚೆ ಆನ್‌ಲೈವ್ ಅನ್ನೋ ಇಂಥದೇ ಸೇವೆ 2010ರಲ್ಲಿ ಶುರುವಾಗಿ 2015ರ ಏಪ್ರಿಲ್ 30ಕ್ಕೆ ಮುಚ್ಚಿ, ಅದರ ಪೇಟೆಂಟುಗಳು ಸೋನಿ ಪಾಲಾಗಿದ್ದವು.

ನಿಮ್ಮ ಕೊನೆಯ ಪ್ರಶ್ನೆಗೆ ಬರೋಣ. ದುಡ್ಡು ಹಾಕಬಹುದು, ಆದರೆ ತಿಂಗಳ ಬಾಡಿಗೆಯಷ್ಟೇ ಹಾಕಿ. ಆ ಸೇವೆಯಲ್ಲಿ ಮಾತ್ರ ಇರುವ ಆಟವನ್ನು ಪೂರ್ತಿ ಬೆಲೆಗೆ ಕೊಳ್ಳಬೇಡಿ. ಎನ್ವಿಡಿಯಾ ಕಂಪನಿಯ ಜಿಫೋರ್ಸ್ ನೌ ಥರದ ಕ್ಲೌಡ್ ಸೇವೆಯಲ್ಲಿ ನೀವು ಆಡುವುದು ಸ್ಟೀಮ್‌ನಂಥ ಪಿಸಿ ಆಟಗಳ ಆನ್‌ಲೈನ್ ಅಂಗಡಿಯಲ್ಲಿ ಕೊಂಡ ನಿಮ್ಮದೇ ಆಟವನ್ನು. ಸೇವೆ ನಾಳೆ ನಿಂತರೂ ಆಟ ನಿಮ್ಮ ಖಾತೆಯಲ್ಲಿ ಉಳಿಯುತ್ತದೆ. ಎಕ್ಸ್‌ಬಾಕ್ಸ್‌ನವರು ಕ್ಲೌಡನ್ನು ಗೇಮ್ ಪಾಸ್ ಚಂದಾ ಜೊತೆ ಸೇರಿಸಿ ಕೊಡುತ್ತಾರೆ, ಅದು ಶುರುವಿನಿಂದಲೇ ಬಾಡಿಗೆ ಅಂತ ಗೊತ್ತಿರುತ್ತದೆ. ವರ್ಷದ ಚಂದಾ ಕಟ್ಟುವ ಮುಂಚೆ ಒಂದು ತಿಂಗಳದ್ದು ತಗೊಂಡು ರಾತ್ರಿ ಎಂಟು ಗಂಟೆಯ ಹೊತ್ತಿಗೆ ಆಡಿ ನೋಡಿ, ಲೈನಿನ ನಿಜವಾದ ಯೋಗ್ಯತೆ ಗೊತ್ತಾಗುವುದು ಆಗಲೇ. ಸಾಧ್ಯವಾದರೆ ವೈ-ಫೈ ಬಿಟ್ಟು ಕೇಬಲ್ ಹಾಕಿ. ನಿಮ್ಮ ಇಷ್ಟದ ಆಟದ ಸೇವ್ ಫೈಲ್ (ಎಲ್ಲಿವರೆಗೆ ಆಡಿದ್ದೀರಿ ಅನ್ನುವ ದಾಖಲೆ) ಬೇರೆ ಕಡೆಗೂ ಬರುತ್ತದಾ ಅಂತ ಮೊದಲೇ ನೋಡಿಕೊಳ್ಳಿ.