78 ನಿಮಿಷದ ಕೌಬಾಯ್ ಸಿನಿಮಾದಲ್ಲಿ ಅಂಥದ್ದೇನಿದೆ?

ಪ್ರಶ್ನೆ: ಹಳೇ ಕೌಬಾಯ್ ಸಿನಿಮಾ ಯಾವುದಾದರೂ ಹೇಳಿ ಅಂದಿದ್ದಕ್ಕೆ ಸ್ನೇಹಿತರೊಬ್ಬರು 'ಸೆವೆನ್ ಮೆನ್ ಫ್ರಮ್ ನೌ' ನೋಡು ಅಂದರು. ನೋಡಿದೆ. ಸೇಡಿನ ಕಥೆ, ಏಳು ಜನ ಕಳ್ಳರು, ಕೂತು ಏಳುವಷ್ಟರಲ್ಲಿ ಮುಗಿದೇ ಹೋಯ್ತು. ಬೇಜಾರಾಗಲಿಲ್ಲ, ನಿಜ. ಆದರೆ ಇದನ್ನು ಅಷ್ಟೊಂದು ಹೊಗಳುವುದು ಯಾಕೆ?

ಕಥೆ ನೀವು ಹೇಳಿದಷ್ಟೇ. 1956ರ ಸಿನಿಮಾ. ಜಾನ್ ವೇಯ್ನ್ ಅವರ ಕಂಪನಿ ಸಣ್ಣದಾಗಿ ಮಾಡಿದ್ದು. ಬರೆದವರು ಬರ್ಟ್ ಕೆನಡಿ, ನಿರ್ದೇಶಕ ಬಡ್ ಬೆಟಿಕರ್. ಹೀರೋ ರ‍್ಯಾಂಡಾಲ್ಫ್ ಸ್ಕಾಟ್‌ಗೆ ಆಗಲೇ 58 ವರ್ಷ. ಅದ್ದೂರಿ ಅನ್ನುವಂಥದ್ದು ಏನೂ ಇಲ್ಲ. ಟೈಟಲ್ ಹಾಡಂತೂ ಬೇಕಿರಲಿಲ್ಲ ಅಂತ ನನಗೆ ಪ್ರತಿ ಸಲ ಅನ್ನಿಸುತ್ತದೆ.

ಆದರೆ ಆ ಹಾಡು ಮುಗಿದ ಮೇಲೆ ಬರುವ ದೃಶ್ಯ ನೆನಪು ಮಾಡಿಕೊಳ್ಳಿ. ರಾತ್ರಿ, ಜೋರು ಮಳೆ. ಬಂಡೆಯ ಮರೆಯಲ್ಲಿ ಇಬ್ಬರು ಬೆಂಕಿ ಕಾಯಿಸುತ್ತಾ ಕೂತಿದ್ದಾರೆ. ನೆನೆದು ತೊಪ್ಪೆಯಾದ ಒಬ್ಬ ನಡೆದುಕೊಂಡು ಬರುತ್ತಾನೆ. ಕಾಫಿ ಕೊಡುತ್ತಾರೆ. ಕುದುರೆ ಎಲ್ಲಿ ಅಂತ ಕೇಳುತ್ತಾರೆ. ಮಾತು ಸಿಲ್ವರ್ ಸ್ಪ್ರಿಂಗ್ಸ್ ಊರಿನಲ್ಲಾದ ಕೊಲೆಯ ಕಡೆ ತಿರುಗುತ್ತದೆ. ಮಾಡಿದವರು ಸಿಕ್ಕರಾ ಅಂತ ಇವರು ಕೇಳಿದರೆ, ಇಬ್ಬರು ಸಿಕ್ಕರು ಅನ್ನುತ್ತಾನೆ ಬಂದವನು. ಅಷ್ಟೇ. ಮುಂದಿನ ಶಾಟ್‌ನಲ್ಲಿ ಹೊರಗೆ ಕಟ್ಟಿದ ಕುದುರೆಗಳು. ಗುಂಡಿನ ಸದ್ದು ಮಾತ್ರ ಕೇಳುತ್ತದೆ. ಏಳರಲ್ಲಿ ಎರಡು ಲೆಕ್ಕ ಮುಗಿಯಿತು, ನಾವು ಒಂದು ತೊಟ್ಟು ರಕ್ತ ನೋಡಿಲ್ಲ. ಬಂದವನು ಯಾರು ಅನ್ನುವುದೂ ಇನ್ನೂ ಸರಿಯಾಗಿ ಗೊತ್ತಿಲ್ಲ!

ಇಡೀ ಸಿನಿಮಾ ನಡೆಯುವುದೇ ಹೀಗೆ. ಆ ಬಂದವನೇ ಸ್ಟ್ರೈಡ್, ಸ್ಕಾಟ್ ಮಾಡಿದ ಪಾತ್ರ. ಅವನು ಯಾಕೆ ಹಾಗೆ ಮುಖ ಬಿಗಿದುಕೊಂಡಿದ್ದಾನೆ ಅನ್ನುವುದನ್ನು ಫ್ಲ್ಯಾಶ್‌ಬ್ಯಾಕ್ ಹಾಕಿ ತೋರಿಸುವುದಿಲ್ಲ. ಅವನು ಶೆರಿಫ್ (ಜನರೇ ಆರಿಸುವ ಪೊಲೀಸ್ ಅಧಿಕಾರಿ) ಆಗಿದ್ದವನು, ಚುನಾವಣೆಯಲ್ಲಿ ಸೋತ. ಅದಕ್ಕಿಂತ ಕೆಳಗಿನ ಕೆಲಸ ಒಪ್ಪಿಕೊಳ್ಳಲು ಅಹಂಕಾರ ಬಿಡಲಿಲ್ಲ. ಹಾಗಾಗಿ ಹೆಂಡತಿ ದುಡಿಯಲು ಹೋದಳು, ಅಲ್ಲೇ ದರೋಡೆಯಲ್ಲಿ ಸತ್ತಳು. ಇದೆಲ್ಲ ಮಾತಿನ ನಡುವೆ ಸುಮ್ನೆ ಬಂದು ಹೋಗುತ್ತದೆ. ಅದು ಕಿವಿಗೆ ಬಿದ್ದ ಮೇಲೆ ಅವನ ಸಿಟ್ಟು ಆ ಏಳು ಜನರ ಮೇಲೆ ಮಾತ್ರ ಅಲ್ಲ ಅಂತ ಗೊತ್ತಾಗುತ್ತದೆ, ಅಲ್ವಾ?

ಇನ್ನು ಲೀ ಮಾರ್ವಿನ್. ಅವನ ಮಾಸ್ಟರ್ಸ್ ಪಾತ್ರ ಆ ಏಳು ಜನರಲ್ಲಿ ಒಬ್ಬನಲ್ಲ. ದರೋಡೆಯ 20,000 ಡಾಲರ್ ಚಿನ್ನ ಹೊಡೆಯೋಣ ಅಂತ ಸ್ಟ್ರೈಡ್ ಬೆನ್ನು ಹತ್ತಿದವನು. ಮಳೆಗೆ ನಾಲ್ಕು ಜನ ಗಾಡಿಯೊಳಗೆ ಒತ್ತಿಕೊಂಡು ಕೂತಿರುವ ದೃಶ್ಯವಿದೆ: ಗಾಡಿಯಲ್ಲಿ ಪ್ರಯಾಣ ಹೊರಟ ಗ್ರೀರ್ ದಂಪತಿ, ಸ್ಟ್ರೈಡ್, ಮಾಸ್ಟರ್ಸ್. ಕಾಫಿ ಕುಡಿಯುತ್ತಾ, ಯಾರದೋ ಕಥೆ ಅನ್ನುವಂತೆ, ಗಂಡನೊಬ್ಬ ಹೆಂಡತಿಯನ್ನು ಬೇರೊಬ್ಬನಿಗೆ ಕಳೆದುಕೊಂಡ ಕಥೆಯನ್ನು ಮಾಸ್ಟರ್ಸ್ ಹೇಳುತ್ತಾನೆ. ಪಿಸ್ತೂಲು ಮುಟ್ಟದೆಯೇ ಗ್ರೀರ್‌ನ ಮಾನ ತೆಗೆಯುತ್ತಾನೆ. ನೋಡುವವರಿಗೆ ಮೈ ಉರಿಯುತ್ತದೆ, ಆದರೂ ಅವನು ಇಷ್ಟವಾಗುತ್ತಾನೆ. ಇನ್ನೊಂದು ದೃಶ್ಯದಲ್ಲಿ, ರಾತ್ರಿ, ಗ್ರೀರ್‌ನ ಹೆಂಡತಿ ಆ್ಯನಿ ಗಾಡಿಯೊಳಗೆ ಮಲಗಿದ್ದಾಳೆ, ಸ್ಟ್ರೈಡ್ ಗಾಡಿಯ ಕೆಳಗೆ. ನಡುವೆ ಬರೀ ಹಲಗೆ. ಒಬ್ಬರ ಮುಖ ಒಬ್ಬರಿಗೆ ಕಾಣದಂತೆ ನಾಲ್ಕು ಮಾತಾಡುತ್ತಾರೆ. ಪ್ರೇಮದ ದೃಶ್ಯ ಅಂತ ಇರುವುದು ಅಷ್ಟೇ. ನನಗೆ ಅಷ್ಟು ಸಾಕು.

ಫ್ರೆಂಚ್ ವಿಮರ್ಶಕ ಆಂದ್ರೆ ಬಜಾನ್ 1957ರಲ್ಲೇ ಇದನ್ನು ಮಾದರಿ ವೆಸ್ಟರ್ನ್ (ಅಂದರೆ ಕೌಬಾಯ್ ಸಿನಿಮಾ) ಅಂತ ಕರೆದು ಬರೆದಿದ್ದರು. ಇದನ್ನು ತೆಗೆದದ್ದು ಕ್ಯಾಲಿಫೋರ್ನಿಯಾದ ಲೋನ್ ಪೈನ್ ಹತ್ತಿರ, ಗುಂಡು ಬಂಡೆಗಳ ನಡುವೆ. ಸೆಟ್ ಹಾಕಲು ದುಡ್ಡಿಲ್ಲದಿದ್ದರೇನು, ಆ ಬಂಡೆಗಳೇ ಸೆಟ್.

ಕೊನೆಯ ಕಾಳಗವನ್ನು ಮಾತ್ರ ಇನ್ನೊಮ್ಮೆ ಹಾಕಿ ನೋಡಿ. ಕಾಲಿಗೆ ಪೆಟ್ಟು ಬಿದ್ದ ಸ್ಟ್ರೈಡ್ ರೈಫಲ್ ಊರಿಕೊಂಡು ನಿಂತಿದ್ದಾನೆ. ಅವನು ಪಿಸ್ತೂಲು ತೆಗೆಯುವುದನ್ನು ಬೆಟಿಕರ್ ಇಲ್ಲೂ ತೋರಿಸುವುದಿಲ್ಲ. ನಮಗೆ ಕಾಣುವುದು ಮಾರ್ವಿನ್. ಅವನ ಪಿಸ್ತೂಲು ಹೊರಗೇ ಬಂದಿಲ್ಲ. ಮುಖದಲ್ಲಿ ನೋವಿಗಿಂತ ಅಚ್ಚರಿಯೇ ಜಾಸ್ತಿ.