ತಲೆಕೆಳಗೆ ಇಟ್ಟರೂ ಬೇರು ಬಿಡುವ ಜೇಕು

ಪಕ್ಕದ ಮನೆ ಆಂಟಿ ಒಂದು ದಿನ ಕೊಡೆ ಕಡ್ಡಿಗಳ ಹಾಗೆ ಎಲೆ ಹರಡಿಕೊಂಡ ಹಸಿರು ತಲೆಯೊಂದನ್ನು ಕತ್ತರಿಸಿ ಕೊಟ್ಟರು. "ತಲೆಕೆಳಗೆ ಮಾಡಿ ನೀರಲ್ಲಿ ಇಡಿ, ಬೇರು ಬರತ್ತೆ" ಅಂದರು. ತಮಾಷೆ ಮಾಡ್ತಿದ್ದಾರೆ ಅಂದುಕೊಂಡೆ. ಆದರೂ ಎಲೆಗಳನ್ನು ಅರ್ಧಕ್ಕೆ ಕತ್ತರಿಸಿ, ಗಾಜಿನ ಲೋಟದಲ್ಲಿ ಬೋರಲು ಹಾಕಿಟ್ಟೆ. ಎರಡು ವಾರದಲ್ಲಿ ಎಲೆಗಳು ಕೂಡುವ ಜಾಗದಿಂದ ಬಿಳಿ ಬೇರು ಕೆಳಗಿಳಿದಿತ್ತು. ಅದರ ಪಕ್ಕದಲ್ಲೇ ಸೂಜಿಯಂಥ ಚಿಗುರು ಮೇಲಕ್ಕೆ ತಿರುಗಿತ್ತು.

ನರ್ಸರಿಯವರು ಇದನ್ನು ಅಂಬ್ರೆಲಾ ಪಾಮ್ ಅಂತಾರೆ. ತಾಳೆ ಜಾತಿಗೂ ಇದಕ್ಕೂ ಏನೂ ಸಂಬಂಧವಿಲ್ಲ. ಇದು ಆಫ್ರಿಕಾ ಕಡೆಯಿಂದ ಬಂದ ಜೇಕು, ಇಂಗ್ಲಿಷಿನಲ್ಲಿ ಸೆಡ್ಜ್ ಅನ್ನುವ ಬಗೆಯ ಗಿಡ. ಹೊಲದಲ್ಲಿ ರೈತರನ್ನು ಗೋಳಾಡಿಸುವ ಕೊನ್ನಾರಿ ಗಡ್ಡೆಯ ದಾಯಾದಿ. ಎರಡೂ ಸೈಪರಸ್ ಕುಲದವು. ಈಜಿಪ್ಟಿನವರು ಬರೆಯೋದಕ್ಕೆ ಹಾಳೆ ಮಾಡಿಕೊಂಡ ಪಪೈರಸ್ ಕೂಡ ಅದೇ ಕುಲ. ಈ ಕುಲ ಸೇರೋದು 5,000ಕ್ಕೂ ಹೆಚ್ಚು ಜಾತಿಗಳಿರುವ ಜೇಕಿನ ಕುಟುಂಬಕ್ಕೆ. ಚೈನೀಸ್ ಅಡುಗೆಯಲ್ಲಿ ಕರುಂ ಕರುಂ ಅನ್ನುವ ವಾಟರ್ ಚೆಸ್ಟ್‌ನಟ್ ಗಡ್ಡೆಯೂ ಇದೇ ಬಳಗದ್ದು.

ನೋಡೋದಕ್ಕೆ ಹುಲ್ಲಿನ ಹಾಗೇ ಇದೆಯಲ್ವಾ? ಆದರೆ ಹುಲ್ಲಲ್ಲ. ಕಡ್ಡಿಯನ್ನು ಎರಡು ಬೆರಳ ನಡುವೆ ಹೊರಳಿಸಿ ನೋಡಿ. ಮೂರು ಮೂಲೆ ತಗಲುತ್ತದೆ, ತಲೆಯ ಹತ್ತಿರ ಇನ್ನೂ ಚೆನ್ನಾಗಿ. ಅಡ್ಡಕ್ಕೆ ಕುಯ್ದರೆ ಒಳಗೆ ಬಿಳಿ ಬೆಂಡು. ಬಿದಿರು, ಭತ್ತದ ಕಡ್ಡಿಯಲ್ಲಿ ಗೆಣ್ಣುಗಳಿರುತ್ತವೆ. ಇದರಲ್ಲಿ ಬುಡದಿಂದ ತಲೆಯವರೆಗೆ ಒಂದೂ ಗೆಣ್ಣಿಲ್ಲ.

ಇದು ಗೊತ್ತಿಲ್ಲದೆ ನಾನು ಒಂದು ಎಡವಟ್ಟು ಮಾಡಿದೆ. ದಾಸವಾಳದ ತುದಿ ಚಿವುಟಿದರೆ ಗಿಡ ಪೊದೆಯಾಗುತ್ತದಲ್ಲ, ಅದೇ ಲೆಕ್ಕದಲ್ಲಿ ಇದರ ಆರೇಳು ಕಡ್ಡಿಗಳನ್ನು ನಡುಮಧ್ಯಕ್ಕೆ ಕತ್ತರಿಸಿದೆ. ಒಂದೂ ಚಿಗುರಲಿಲ್ಲ, ಎಲ್ಲ ಒಣಗಿ ನಿಂತವು. ಗೆಣ್ಣಿಲ್ಲ ಅಂದ ಮೇಲೆ ಕಡ್ಡಿಯ ನಡುವೆ ಚಿಗುರೊಡೆಯುವ ಮೊಗ್ಗೆಲ್ಲಿಂದ ಬರಬೇಕು? ಇದರ ಮೊಗ್ಗುಗಳಿರೋದು ಎರಡೇ ಕಡೆ: ಮೇಲೆ ತಲೆಯಲ್ಲಿ, ಕೆಳಗೆ ಶುಂಠಿಯ ಹಾಗೆ ಅಡ್ಡಕ್ಕೆ ಹರಿಯುವ ಬುಡದಲ್ಲಿ. ಹಾಗಾಗಿ ಒಣಗಿದ ಕಡ್ಡಿಯನ್ನು ಮಣ್ಣಿನ ಮಟ್ಟಕ್ಕೇ ಕತ್ತರಿಸಬೇಕು. ಅರ್ಧ ಬಿಟ್ಟರೆ ಸುಮ್ನೆ ಮೋಟು ನಿಲ್ಲುತ್ತದೆ, ಅಷ್ಟೆ. ಆಂಟಿಯ ತಲೆಕೆಳಗಿನ ಉಪಾಯವೂ ಈಗ ಅರ್ಥವಾಗುತ್ತದೆ. ನೀರಿನ ಅಂಚಿನಲ್ಲಿ ಬೆಳೆದಾಗ ಕಡ್ಡಿ ಬಾಗಿ ತಲೆ ನೀರಿಗೆ ಮುಟ್ಟಿದರೆ, ಅಲ್ಲೇ ಹೊಸ ಗಿಡ. ಎಲೆ ಕತ್ತರಿಸೋದು ಯಾಕೆ ಅಂದರೆ, ಬೇರಿಲ್ಲದ ತಲೆಗೆ ಅಷ್ಟು ಎಲೆ ಹೊರೆ. ಜೊತೆಗೆ ಮುಳುಗಿದ ಎಲೆ ಕೊಳೆತು ನೀರು ನಾರುತ್ತದೆ.

ಅಂದ ಹಾಗೆ, ಆ ಕೊಡೆ ಎಲೆಗಳು ಹೂಗೊಂಚಲಿನ ಬುಡಕ್ಕೆ ಸೇರಿದವು. ಕಡ್ಡಿಯ ಎಲೆಗಳು ಬುಡದಲ್ಲಿ ಕಂದು ಸಿಪ್ಪೆಗಳಾಗಿ ಉಳಿದಿವೆ. ಹೂವಿಗೆ ಬಣ್ಣದ ದಳವಿಲ್ಲ. ಪರಾಗ ಗಾಳಿಯಲ್ಲೇ ಹೋಗುವಾಗ ಜೇನುಹುಳುವನ್ನು ಕರೆಯುವ ಅಲಂಕಾರ ಯಾಕೆ ಬೇಕು?

ಇನ್ನು ನೀರು. ಕುಂಡದಲ್ಲಿ ನೀರು ನಿಂತರೆ ತುಳಸಿಯ ಬೇರು ಉಸಿರುಕಟ್ಟಿ ಸಾಯುತ್ತದೆ. ಜೇಕಿನ ಒಳಗೆ ಗಾಳಿಯ ಸಣ್ಣ ಓಣಿಗಳಿವೆ. ಮೇಲಿನ ಆಮ್ಲಜನಕ ಅವುಗಳಲ್ಲೇ ಬೇರಿಗೆ ಇಳಿಯುತ್ತದೆ, ಸ್ವಲ್ಪ ಕೆಸರಿಗೂ ಸೋರುತ್ತದೆ. ಬಚ್ಚಲು ನೀರನ್ನು ಶುದ್ಧ ಮಾಡುವ ಗಿಡದ ಹೊಂಡಗಳಲ್ಲಿ ಇದನ್ನು ನೆಡೋದಕ್ಕೆ ಅದೂ ಒಂದು ಕಾರಣ.

ಆದ್ದರಿಂದ ತೂತಿಲ್ಲದ ಕುಂಡವೇ ಇದಕ್ಕೆ ಸರಿ. ಮಣ್ಣು ಭಾರವಾಗಿರಲಿ, ಕೆರೆಯ ಹೂಳು ಸಿಕ್ಕರೆ ಇನ್ನೂ ಒಳ್ಳೆಯದು. ಕೋಕೋಪೀಟ್ ಬೇಡ, ತೇಲುತ್ತದೆ. ಅರ್ಧ ದಿನದ ಬಿಸಿಲು ಸಾಕು. ಎಲೆ ತುದಿ ಕಂದಾದರೆ ಒಂದೋ ಬೇಸಿಗೆಯಲ್ಲಿ ಕುಂಡ ಒಣಗಿದೆ, ಇಲ್ಲವೇ ಬೋರ್‌ವೆಲ್ ನೀರಿನ ಉಪ್ಪು ಕೂತಿದೆ. ಆಗಾಗ ಹಳೇ ನೀರು ಚೆಲ್ಲಿ ಮಳೆ ನೀರು ತುಂಬಿಸಿ. ಸೊಳ್ಳೆಗೆ ಗಪ್ಪಿ ಮೀನು ಬಿಡಿ. ಮೀನು ಸಾಕೋದು ತಲೆನೋವು ಅನಿಸಿದರೆ ಮೇಲೆ ಜಲ್ಲಿ ಹರಡಿ, ನೀರನ್ನು ಜಲ್ಲಿಗಿಂತ ಕೆಳಗೇ ಇಡಿ. ನಾನು ಹಾಗೇ ಮಾಡಿದ್ದೇನೆ.

ಎರಡು ಮೂರು ವರ್ಷಕ್ಕೆ ಬುಡ ಹಿಗ್ಗಿ ಪ್ಲಾಸ್ಟಿಕ್ ಕುಂಡದ ಹೊಟ್ಟೆ ಉಬ್ಬಿಸುತ್ತದೆ. ಆಗ ಇಡೀ ಗೆಡ್ಡೆ ಹೊರಗೆಳೆದು ಮಚ್ಚಿನಲ್ಲಿ ಹೋಳು ಮಾಡಿ. ಅಂಚಿನ ಹೋಳುಗಳೇ ಎಳೆಯವು, ಅವನ್ನು ನೆಡಿ. ಮುದಿಯಾದ ನಡುಭಾಗ ಬಿಸಾಡಿ.

ಇಂಗ್ಲೆಂಡ್ ಕಡೆ ಇರುವ ನಮ್ಮವರಿಗೆ ಒಂದು ಮಾತು. ಅಲ್ಲಿಯ ತೋಟಗಳಲ್ಲಿ ಕಾಣುವ ಕ್ಯಾರೆಕ್ಸ್ ಎಂಬ ಜೇಕುಗಳು ಚಳಿ ತಡೆಯುತ್ತವೆ. ನಮ್ಮ ಕೊಡೆ ಜೇಕಿಗೆ ಹಿಮ ಆಗಿಬರಲ್ಲ, ಚಳಿಗಾಲದಲ್ಲಿ ಒಳಗೇ ಇಟ್ಟುಕೊಳ್ಳಿ.

ಬಿಸಾಡೋದು ಅಂದೆನಲ್ಲ, ಕೆರೆಗೋ ಚರಂಡಿಗೋ ಮಾತ್ರ ಬೇಡ. ಒಂದು ತಲೆ ಲೋಟದಲ್ಲಿ ಎರಡು ವಾರಕ್ಕೆ ಬೇರು ಬಿಟ್ಟಿತಲ್ಲ, ಕೆರೆಯಲ್ಲಿ ಬಿಡದೆ ಇರುತ್ತದೆಯೇ? ಆಸ್ಟ್ರೇಲಿಯಾದಲ್ಲಿ ತೋಟ ದಾಟಿ ಹಳ್ಳಕೊಳ್ಳ ಸೇರಿ ಇದು ಕಳೆಯಾಗಿದೆ. ನಾನು ಕತ್ತರಿಸಿದ್ದನ್ನೆಲ್ಲ ತಾರಸಿ ಮೇಲೆ ಕರಕಲಾಗುವ ತನಕ ಒಣಗಿಸಿ, ಆಮೇಲಷ್ಟೇ ಗೊಬ್ಬರದ ಡಬ್ಬಕ್ಕೆ ಹಾಕುತ್ತೇನೆ.